ಬಾಕ್ಸು ಬಿಚ್ಚದ ಟಿವಿ

ಸಾಮಾನು ಬೇಕೆನಿಸಿದ ದಿನವೇ ಅಂಗಡಿಗೆ ಹೋಗಿ ತಂದುಬಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ನಮೂನಿ ಸಿಟ್ಟು. ಅವರ ಮುಖದ ಮೇಲೆ ಒಂದು ಸಮಾಧಾನ ಇರುತ್ತದಲ್ಲ, ಅದನ್ನು ನನಗೆ ನೋಡಲಾಗುವುದಿಲ್ಲ. ಅದರಲ್ಲೂ ಟಿವಿಯಂಥ ವಸ್ತುವನ್ನು ಹಾಗೆ ತರುವವರಿದ್ದಾರೆಂದರೆ ನಂಬಲಿಕ್ಕೇ ಆಗುವುದಿಲ್ಲ. ಇವತ್ತು ನೀವು ತಂದು ಗೋಡೆಗೆ ಹೊಡೆದ ಟಿವಿಗಿಂತ ದೊಡ್ಡದು, ತೆಳ್ಳಗಿನದು, ಬುದ್ಧಿವಂತ ಟಿವಿ ಇನ್ನೊಂದು ತಿಂಗಳಲ್ಲಿ ಬರುವುದು ಖಾತ್ರಿ. ಬಂದ ದಿನ ನಿಮ್ಮದು ಹಳೆಯದಾಗುತ್ತದೆ, ನೀವು ಪೆದ್ದರಾಗುತ್ತೀರಿ. ಕಾದವನು ಮಾತ್ರ ಎಂದೂ ಪೆದ್ದನಾಗುವುದಿಲ್ಲ, ಏಕೆಂದರೆ ಅವನು ಇನ್ನೂ ತಂದೇ ಇರುವುದಿಲ್ಲ. ಈ ತರ್ಕವನ್ನು ನಾನು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಮಂಡಿಸಿದ್ದೇನೋ ಲೆಕ್ಕವಿಲ್ಲ. ಕೇಳಿದವರೆಲ್ಲ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದ್ದಾರೆ, ಆಮೇಲೆ ಹೋಗಿ ಟಿವಿ ತಂದಿದ್ದಾರೆ.

ನಾನು ಯರಗುಪ್ಪಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮನೆ ಕುಂದಗೋಳದಲ್ಲಿ, ದಿನಾ ಬಸ್ಸಿಗೆ ಹೋಗಿ ಬರುವುದು. ಕಾಯುವ ಗುಣವನ್ನು ನನಗೆ ಅರ್ಧ ಕಲಿಸಿದ್ದು ಆ ಬಸ್ಸು, ಉಳಿದರ್ಧ ನಮ್ಮವ್ವ. ಮನೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ ಗಿರಿಜಾ, ಮತ್ತು ಮೂಲೆಯಲ್ಲಿ ಒಂದು ಹಳೆಯ ಡಬ್ಬಿ ಟಿವಿ. ಡಬ್ಬಿ ಎಂದರೆ ಡಬ್ಬಿಯೇ. ಅದರ ಬೆನ್ನು ಗೋಡೆಯ ತನಕ ಹೋಗಿ, ಅಲ್ಲಿಂದ ಮುಂದಕ್ಕೆ ಅರ್ಧ ಪಡಸಾಲೆಯನ್ನು ಆಕ್ರಮಿಸಿತ್ತು. ಅದರಲ್ಲಿ ಬರುವ ಮಂದಿಯೆಲ್ಲ ಸ್ವಲ್ಪ ಹಸಿರಾಗಿದ್ದರು, ಮಂತ್ರಿಗಳೂ ಹಸಿರು, ಕ್ರಿಕೆಟ್ ಆಡುವವರೂ ಹಸಿರು. ಬಣ್ಣ ಪೂರಾ ಕೆಟ್ಟಾಗ ಬಲಗಡೆ ಒಂದು ಏಟು ಹಾಕಬೇಕಾಗುತ್ತಿತ್ತು, ಆದರೆ ಆ ಏಟು ಗಿರಿಜಾಳದ್ದೇ ಆಗಬೇಕು. ನಾನು ವಿಜ್ಞಾನ ಓದಿದವನು ಎಷ್ಟು ಹೊಡೆದರೂ ಅದು ಕೇರ್ ಮಾಡುತ್ತಿರಲಿಲ್ಲ. ಆದರೂ ಆ ಟಿವಿಗೆ ಒಂದು ದೊಡ್ಡ ಗುಣ ಇತ್ತು. ಅದಕ್ಕೊಂದು ತಲೆ ಇತ್ತು. ಅವ್ವನ ಗುಳಿಗೆ, ನನ್ನ ಕೈಗಡಿಯಾರ, ಮನೆ ಕೀಲಿ, ಗಿರಿಜಾಳ ಬಾಚಣಿಗೆ, ಹಿತ್ತಾಳೆಯ ಬಸವಣ್ಣ, ಎಲ್ಲ ಅದರ ತಲೆಯ ಮೇಲೆಯೇ. ಏನು ಕಳೆದರೂ ಮೊದಲು ಟಿವಿ ತಲೆ ನೋಡು ಅನ್ನುವುದು ನಮ್ಮ ಮನೆಯ ಪದ್ಧತಿ. ಈಗಿನ ತೆಳ್ಳನೆಯ ಟಿವಿಗಳಿಗೆ ತಲೆಯೇ ಇಲ್ಲ, ಸಾಮಾನೆಲ್ಲ ಎಲ್ಲಿ ಇಡುವುದು ಎಂದು ನಾನು ಗಿರಿಜಾಳನ್ನು ಕೇಳಿದ್ದೆ. ಬೇರೆ ಮನೆಗಳಲ್ಲಿ ಅದಕ್ಕೆ ಕಪಾಟು ಅಂತ ಒಂದು ಇರುತ್ತದೆ ಎಂದು ಅವಳು ಹೇಳಿದಳು.

ಈ ಟಿವಿಯನ್ನು ದಿನಾ ತಪ್ಪದೆ ನೋಡುತ್ತಿದ್ದದ್ದು ನಮ್ಮವ್ವ. ನೋಡುತ್ತಿದ್ದಳು ಅನ್ನುವುದು ರೂಢಿಯ ಮಾತು, ಏಕೆಂದರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು, ಮುಂದೆ ನಿಂತವರು ಗಂಡಸೋ ಹೆಂಗಸೋ ಅನ್ನುವಷ್ಟು ಮಾತ್ರ ಅಂದಾಜಾಗುತ್ತಿತ್ತು. ಆದರೂ ಸಂಜೆಯ ಧಾರಾವಾಹಿಯ ಹೊತ್ತಿಗೆ ಗೋಡೆ ಹಿಡಿದು ಬಂದು ಚಾಪೆಯ ಮೇಲೆ ಕೂತಳೆಂದರೆ ಮುಗಿಯುವ ತನಕ ಏಳುವವಳಲ್ಲ. ಅವಳ ಕಣ್ಣಿನ ಕೆಲಸ ಮಾಡುತ್ತಿದ್ದವಳು ಬಾಜು ಮನೆಯ ಹುಸೇನಬಿ. ನಮ್ಮ ಎರಡೂ ಮನೆಯವರು ಅಜ್ಜಂದಿರ ಕಾಲದಿಂದ ಒಂದೇ ಗೋಡೆಗೆ ಬೆನ್ನು ಹಚ್ಚಿ ಇದ್ದವರು. ಹುಸೇನಬಿಯ ಮಗ ಬಟ್ಟೆ ಅಂಗಡಿ ಇಟ್ಟು ಅನುಕೂಲವಾಗಿದ್ದಾನೆ, ಅವರ ಪಡಸಾಲೆಯಲ್ಲಿ ಗೋಡೆ ತುಂಬ ಟಿವಿ ಇದೆ. ಅದನ್ನು ಬಿಟ್ಟು ಈ ತಾಯಿ ದಿನಾ ಸಂಜೆಯ ನಮಾಜು ಮುಗಿಸಿಕೊಂಡು ನಮ್ಮ ಹಸಿರು ಟಿವಿಯ ಮುಂದೆ ಬಂದು ಕೂಡುತ್ತಿದ್ದಳು. ಯಾಕೆ ಬರುತ್ತಾಳೆ ಎಂದು ನಾನು ಒಂದು ದಿನವೂ ವಿಚಾರ ಮಾಡಿದವನಲ್ಲ. ಗುರುತ್ವಾಕರ್ಷಣೆಯ ಬಗ್ಗೆ ವಿಚಾರ ಮಾಡುವ ಮನುಷ್ಯನಿಗೆ ಬಾಜು ಮನೆಯವರ ಬಗ್ಗೆ ವಿಚಾರ ಮಾಡಲು ಪುರಸೊತ್ತು ಎಲ್ಲಿಂದ ಬರಬೇಕು.

ಹುಸೇನಬಿ ಹೇಳುವ ರೀತಿಯೇ ಬೇರೆ. ಟಿವಿಯಲ್ಲಿ ಒಬ್ಬ ಹೆಣ್ಣುಮಗಳು ಸುಮ್ಮನೆ ಬಾಗಿಲಲ್ಲಿ ಬಂದು ನಿಂತಿದ್ದರೆ ಇವಳು ಇಳಿದನಿಯಲ್ಲಿ, ಬಂದ್ಲು ನೋಡ್ರಿ ಯಕ್ಕಾ, ಹಸರ ಇಳಕಲ್ ಸೀರಿ ಉಟ್ಟಾಳ, ಕಣ್ಣಾಗ ನೀರ ತಂದಾಳ, ಸೆರಗಿನ ತುದ್ಯಾಗ ಏನೋ ಗಂಟ ಕಟ್ಟ್ಯಾಳ, ಏನೈತೋ ಏನೋ ಅನ್ನುವಳು. ಅವ್ವ ಅದು ಬೀಗದ ಕೈಯೇ ಇರಬೇಕು ಅನ್ನುವಳು. ಇರಬೇಕು, ಗುಂಡಗ ಕಾಣತೈತಿ, ಅನ್ನುವಳು ಇವಳು. ನಾನೇನಾದರೂ ಆ ಹೊತ್ತಿಗೆ ಮನೆಯಲ್ಲಿದ್ದು ಕಣ್ಣೆತ್ತಿ ನೋಡಿದರೆ ಅಲ್ಲಿ ಗಂಟೂ ಇಲ್ಲ, ಇಳಕಲ್ ಸೀರೆಯೂ ಇಲ್ಲ. ಒಂದು ಸಲ ತಡೆಯಲಾರದೆ, ಹುಸೇನಬಿಯವರ, ಅಲ್ಲಿ ಗಂಟ ಎಲ್ಲೈತ್ರಿ ಎಂದು ಕೇಳಿದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಗದ್ದಲ ಮಾಡಬ್ಯಾಡ, ಪೇಪರ್ ತಿದ್ದೂದು ಇದ್ರ ಒಳಗ ಹೋಗಿ ತಿದ್ದು ಎಂದು ಅವ್ವ ಹೇಳಿದಳು. ನಮ್ಮೂರು ಸಂಗೀತದ ಊರು. ಇಲ್ಲಿ ಹಾಡುವವರೂ ಕಣ್ಣು ಮುಚ್ಚುತ್ತಾರೆ, ಕೇಳುವವರೂ ಕಣ್ಣು ಮುಚ್ಚುತ್ತಾರೆ, ನಡುವೆ ಕಣ್ಣು ತೆರೆದು ಕೂತವನೇ ತಿಳಿವಳಿಕೆ ಇಲ್ಲದವನು. ನಾನು ಎದ್ದು ಒಳಗೆ ಹೋದೆ.

ಕಣ್ಣಿನ ಆಪರೇಶನ್ ಮಾಡಿಸೋಣ ಎಂದು ನಾನು ಹೇಳದ ದಿನವಿಲ್ಲ. ಅವ್ವನದು ಎರಡು ಉತ್ತರ, ಒಂದು ಮುಗಿದರೆ ಇನ್ನೊಂದು. ಪೊರೆ ಇನ್ನೂ ಹಣ್ಣಾಗಿಲ್ಲ, ಹಣ್ಣಾಗದೆ ತೆಗೆಸಬಾರದು. ಅದಕ್ಕೆ ಬಗ್ಗದಿದ್ದರೆ, ಕಣ್ಣು ಮಾಡಿಸುವುದೇನಿದ್ದರೂ ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಮಾಡಿಸಿದರೆ ಗಾಯ ಮಾಯುವುದಿಲ್ಲ. ನಮ್ಮ ಕಡೆ ಈ ಎರಡು ಮಾತು ಹೇಳದ ಹಿರಿಯರೇ ಇಲ್ಲ, ಹೀಗಾಗಿ ಅವಳ ಜೊತೆ ವಾದಿಸಿದರೆ ಇಡೀ ಓಣಿಯ ಜೊತೆ ವಾದಿಸಿದ ಹಾಗೆ. ಪೊರೆ ಅಂದರೆ ಮಾವಿನಹಣ್ಣಲ್ಲ, ಅದು ಮಸೂರ ಮಬ್ಬಾಗುವುದು ಎಂದು ನಾನು ಹಲಗೆಯ ಮೇಲೆ ಕಣ್ಣಿನ ಚಿತ್ರ ತೆಗೆಯುವವನ ಧಾಟಿಯಲ್ಲಿ ತಿಳಿಸಿ ಹೇಳಿದೆ. ಅವ್ವ ಕೊನೆಯ ತನಕ ಕೇಳಿ, ಚಲೋ ಹೇಳ್ತಿ, ಹುಡುಗರಿಗೆ ತಿಳಿದಿರಬೇಕು ಅಂದಳು. ಆ ಮೇಲೆ ಚಳಿಗಾಲ ಬಂತು. ಈ ಸಲ ಚಳಿ ಸರಿಯಾಗಿ ಬಿದ್ದಿಲ್ಲ ಅಂದಳು.

ಇಲ್ಲಿಂದ ಟಿವಿಯ ಪ್ರಶ್ನೆ ಬರೀ ಟಿವಿಯ ಪ್ರಶ್ನೆಯಾಗಿ ಉಳಿಯಲಿಲ್ಲ. ಈಗಲೇ ದೊಡ್ಡ ಟಿವಿ ತಂದರೆ ಅವ್ವನಿಗೆ ನಾಕು ಗೆರೆ ಹೆಚ್ಚು ಕಾಣುತ್ತದೆ, ಅಷ್ಟರಲ್ಲೇ ತೃಪ್ತಳಾಗಿ ಕಣ್ಣಿನ ಮಾತೇ ಎತ್ತುವುದಿಲ್ಲ. ಕಣ್ಣು ಆದ ಮೇಲೆ ತಂದರೆ ಸ್ವಚ್ಛ ಕಣ್ಣಿಗೆ ಸ್ವಚ್ಛ ಚಿತ್ರ. ಆದ್ದರಿಂದ ಟಿವಿಗಾಗಿ ಕಾಯುವುದು ಅವ್ವನ ಕಣ್ಣಿಗೇ ಒಳ್ಳೆಯದು ಎಂದು ನಾನು ಸಾಧಿಸಿ ತೋರಿಸಿದೆ. ನನ್ನ ಆಲಸ್ಯಕ್ಕೆ ಇಷ್ಟು ಒಳ್ಳೆಯ ಕಾರಣ ಹಿಂದೆಂದೂ ಸಿಕ್ಕಿರಲಿಲ್ಲ. ಅವ್ವನ ವಾದ ತಿರುಗಮುರುಗ ಇತ್ತು. ಮನೆಯಲ್ಲಿ ನೋಡುವಂಥಾದ್ದು ಏನೂ ಇಲ್ಲ, ಇರುವ ಟಿವಿ ಹಸಿರು, ಕಣ್ಣು ಮಾಡಿಸಿಕೊಂಡು ಏನು ನೋಡಲಿ ಅನ್ನುವುದು. ಹೀಗೆ ಅವಳು ನನ್ನ ಟಿವಿಗೆ, ನಾನು ಅವಳ ಕಣ್ಣಿಗೆ ಕಾಯುತ್ತ ಇಬ್ಬರೂ ಬಹಳ ದಿನ ಸುಖವಾಗಿದ್ದೆವು. ತಾಲೂಕು ಕಚೇರಿಯಲ್ಲಿ ಕೆಲಸ ಮಾಡುವ ಗಿರಿಜಾ, ತನ್ನ ಕಚೇರಿಯಲ್ಲಿ ಕೂಡ ಇಷ್ಟು ತಡ ಆಗುವುದಿಲ್ಲ ಅಂದಳು. ಅದು ಸ್ವಲ್ಪ ಅತಿಯಾಯಿತು.

ಕೊನೆಗೆ ಒಂದು ರವಿವಾರ ಅವಳು ನನ್ನನ್ನು ಹುಬ್ಬಳ್ಳಿಗೆ ಎಳೆದುಕೊಂಡೇ ಹೋದಳು. ಆ ಅಂಗಡಿಯೊಳಗೆ ಹೊಕ್ಕರೆ ಗೋಡೆಯ ಮೇಲೆಲ್ಲ ಟಿವಿ, ಎಲ್ಲದರಲ್ಲೂ ಒಂದೇ ಮೀನು ಒಂದೇ ದಿಕ್ಕಿಗೆ ಈಜುತ್ತಿತ್ತು. ನಾನು ಓದಿಕೊಂಡು ಹೋದದ್ದನ್ನೆಲ್ಲ ಕೇಳಿದೆ. ಅಂಗಡಿಯವನು ಪಾಪ, ಎಲ್ಲದಕ್ಕೂ ಉತ್ತರ ಕೊಟ್ಟ. ಇದಕ್ಕಿಂತ ಚಲೋ ಮಾದರಿ ಯಾವಾಗ ಬರುತ್ತದೆ ಎಂದು ಕೇಳಿದಾಗ ಮಾತ್ರ ಅವನು ನನ್ನನ್ನು ಬಿಟ್ಟು ಗಿರಿಜಾಳ ಕಡೆ ನೋಡಿದ. ಅವಳು ಒಂದು ಮೀನನ್ನು ತೋರಿಸಿ ಇದು ಕಟ್ಟಿಕೊಡ್ರಿ ಅಂದಳು. ಟಿವಿ ನಮ್ಮದಾಯಿತು. ನಾನು ಸೋತೆ ಎಂದು ನೀವು ತಿಳಿದಿದ್ದರೆ ತಪ್ಪು. ದಾರಿಯಲ್ಲೇ ನನಗೊಂದು ಹೊಸ ಉಪಾಯ ಹೊಳೆದಿತ್ತು. ಜಗತ್ತಿನಲ್ಲಿ ಮಂದಿ ಒಂದೋ ಕೊಳ್ಳುತ್ತಾರೆ, ಇಲ್ಲವೇ ಕಾಯುತ್ತಾರೆ. ಕೊಂಡೂ ಕಾಯಬಹುದು ಅನ್ನುವುದು ಯಾರಿಗೂ ತಿಳಿದಿಲ್ಲ. ಮನೆಗೆ ಬಂದವನೇ ಬಾಕ್ಸನ್ನು ಹಾಗೇ ಗೋಡೆಗೆ ಆನಿಸಿ ನಿಲ್ಲಿಸಿ, ಅವ್ವಾ, ಇದು ನಿನ್ನ ಟಿವಿ, ನಿನ್ನ ಕಣ್ಣು ಆದ ದಿನ ಬಿಚ್ಚುವುದು, ಅಲ್ಲಿಯ ತನಕ ಯಾರೂ ಮುಟ್ಟಬಾರದು ಎಂದು ಘೋಷಿಸಿಬಿಟ್ಟೆ. ಅವ್ವ ಬಂದು ಬಾಕ್ಸನ್ನು ಮೇಲಿನಿಂದ ಕೆಳಗಿನ ತನಕ ಸವರಿ ನೋಡಿ, ಅಗದಿ ಸೊರಗೇತಿ ಅಂದಳು.

ಬಾಕ್ಸು ಅಲ್ಲಿಯೇ ನಿಂತಿತು. ಮೊದಮೊದಲು ಎಲ್ಲರೂ ಅದನ್ನು ಬೀಗರಂತೆ ನೋಡಿದರು. ಆಮೇಲೆ ಅದರ ಮೂಲೆಗೆ ನನ್ನ ಛತ್ರಿ ಬಂತು, ಟವೆಲ್ಲು ಬಂತು, ಗಿರಿಜಾಳ ಚೀಲ ಬಂತು. ಅದಕ್ಕೂ ಒಂದು ತಲೆ ಇರುವುದು ನನಗೆ ಗೊತ್ತಾದದ್ದು ಆಗಲೇ. ಬಾಕ್ಸಿನಲ್ಲಿಯೇ ಗ್ಯಾರಂಟಿ ಮುಗಿದು ಹೋಗುತ್ತದಲ್ಲ ಎಂದು ಗಿರಿಜಾ ಗೊಣಗಿದಳು. ಬಳಸದ ವಸ್ತು ಕೆಡುವುದೇ ಇಲ್ಲ, ಅದಕ್ಕಿಂತ ದೊಡ್ಡ ಗ್ಯಾರಂಟಿ ಯಾವುದು ಎಂದು ನಾನು ಸಮಾಧಾನ ಹೇಳಿದೆ. ಮನೆಗೆ ಬಂದವರು ಇದೇನ್ರಿ ಮಾಸ್ತರ ಅಂದರೆ ಟಿವಿ ಅನ್ನುತ್ತಿದ್ದೆ. ಅವರು ಬಾಕ್ಸನ್ನು ಒಮ್ಮೆ, ಅದರ ಬಾಜು ನಡೆಯುತ್ತಿರುವ ಹಸಿರು ಟಿವಿಯನ್ನು ಒಮ್ಮೆ ನೋಡಿ ಮುಂದೆ ಏನೂ ಕೇಳುತ್ತಿರಲಿಲ್ಲ.

ನಾನು ಸಾಮಾನ್ಯವಾಗಿ ಮನೆ ಮುಟ್ಟುವುದು ಧಾರಾವಾಹಿ ಮುಗಿದ ಮೇಲೆ. ಬಸ್ಸು ತಡ, ಬಸ್ಸು ಇಳಿದ ಮೇಲೆ ಚಹಾದ ಅಂಗಡಿಯ ಮಾತುಕತೆ ತಡ. ಬೇಸಿಗೆ ಶುರುವಾದ ಹೊತ್ತಿನಲ್ಲಿ ಒಂದು ದಿನ ಬಸ್ಸು ಯಾಕೋ ವೇಳೆಗೆ ಸರಿಯಾಗಿ ಬಂತು, ಚಹಾದ ಅಂಗಡಿಯೂ ಮುಚ್ಚಿತ್ತು. ಮನೆಯ ಬಾಗಿಲಿಗೆ ಬಂದರೆ ಒಳಗೆ ಧಾರಾವಾಹಿಯ ದನಿ ಜೋರಾಗಿದೆ, ಯಾರೋ ಅಳುತ್ತಿದ್ದಾರೆ, ಹುಸೇನಬಿ ಹೇಳುತ್ತಿದ್ದಾಳೆ. ಸೊಸಿ ಈಗ ಅಡಗಿ ಮನಿಗೆ ಬಂದ್ಲು ಯಕ್ಕಾ, ಒಲಿ ಮ್ಯಾಲ ಹಾಲ ಉಕ್ಕಾಕತ್ತೈತಿ, ಅಕಿಗೆ ಖಬರಿಲ್ಲ, ಗ್ವಾಡಿಗೆ ಹಣಿ ಹಚ್ಚಿ ನಿಂತಾಳ. ಅವ್ವ, ಹಾಲು ಇಳಿಸು ಅಂತ ಯಾರಾದ್ರೂ ಹೇಳ್ರಿ ಎಂದು ಕಳವಳಪಡುತ್ತಿದ್ದಾಳೆ. ನಾನು ಟಿವಿಯ ಕಡೆ ನೋಡಿದೆ. ಟಿವಿ ಕಪ್ಪಗಿತ್ತು. ಹಸಿರೂ ಇಲ್ಲ, ಗೆರೆಯೂ ಇಲ್ಲ, ಪೂರಾ ಕಪ್ಪು, ಬರೀ ದನಿ. ಆ ಕತ್ತಲ ಗಾಜಿನಲ್ಲಿ ಕಂಡದ್ದು ಇಬ್ಬರು ಮುದುಕಿಯರ ನೆರಳು ಮಾತ್ರ. ನಾನು ಬಾಯಿ ತೆರೆಯುವಷ್ಟರಲ್ಲಿ ಹುಸೇನಬಿ ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು, ಇನ್ನೊಂದು ಕೈಯಿಂದ ಒಳಗೆ ಹೋಗು ಎಂದು ಸನ್ನೆ ಮಾಡಿದಳು, ಹಾಲು ಉಕ್ಕಿ ಒಲೆ ಆರಿತು ಎಂದು ಅವ್ವನಿಗೆ ಹೇಳಿದಳು.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಗಿರಿಜಾಳನ್ನು ಏನಿದು ಎಂದು ಕೇಳಿದೆ. ಚಿತ್ರ ಹೋಗಿ ಬಹಳ ದಿನ ಆಯಿತು, ತಾನು ಹೊಡೆದರೂ ಬರಲಿಲ್ಲ, ಅತ್ತೆಗೆ ಹೇಳಬೇಡ ಎಂದು ಹುಸೇನಬಿ ಕೈ ಹಿಡಿದು ಕೇಳಿಕೊಂಡಿದ್ದಾಳೆ ಅಂದಳು. ನನಗೇಕೆ ಹೇಳಲಿಲ್ಲ ಎಂದರೆ, ನೀವು ಮನೆಯಲ್ಲಿ ಟಿವಿ ನೋಡಿದ್ದರೆ ನಿಮಗೇ ಗೊತ್ತಾಗುತ್ತಿತ್ತು ಅಂದಳು. ನನಗೆ ಸಿಟ್ಟು ಬಂತು. ಕಣ್ಣು ಕಾಣದ ನಮ್ಮವ್ವನನ್ನು ಕೂರಿಸಿಕೊಂಡು ಕಪ್ಪು ಗಾಜಿನ ಮುಂದೆ ಕಥೆ ಕಟ್ಟುವುದೆಂದರೆ ಏನು? ಹುಸೇನಬಿ ಮನೆಗೆ ಹೋಗುವುದನ್ನೇ ಕಾಯ್ದು ನಾನು ಅವ್ವನ ಎದುರು ಕುಕ್ಕರುಗಾಲಲ್ಲಿ ಕೂತು, ಅವ್ವಾ, ಟಿವಿಯಲ್ಲಿ ಚಿತ್ರವೇ ಇಲ್ಲ, ಆಕೆ ಇಷ್ಟು ದಿನ ಸುಳ್ಳು ಹೇಳಿದ್ದಾಳೆ ಅಂದೆ. ಅವ್ವ ಗಾಬರಿಯಾಗುತ್ತಾಳೆಂದು ತಿಳಿದಿದ್ದೆ. ಅವಳು ಚಾಪೆಯ ಮೇಲಿನ ಧೂಳು ಜಾಡಿಸಿದಳು.

“ಚಿತ್ರ ಹೋಗೇತಂತ ನಂಗ ಗೊತ್ತಿಲ್ಲೇನೋ? ಕಣ್ಣಿಗೆ ಪೊರಿ ಬಂದ್ರೂ ಬೆಳಕ ಗೊತ್ತಾಗತೈತಿ. ಮೂಲ್ಯಾಗಿನ ಬೆಳಕ ಬಂದ್ ಆದ ದಿನಾನ ತಿಳೀತು.”

“ಮತ್ತ ಯಾಕ ಹೇಳಲಿಲ್ಲ ಬೇ?”

“ಹೇಳಿದ್ರ ನೀ ಆ ಹೊಸಾ ಡಬ್ಬಿ ಬಿಚ್ಚೂಣು ಅಂತಿ. ಬಿಚ್ಚಾಕ ಮೊದ್ಲ ಕಣ್ಣ ಮಾಡಿಸ್ಕೊ ಅಂತಿ. ಮಾಡಿಸ್ಕೊಂಡೆ, ಕಣ್ಣ ಬಂದೂವು ಅಂತ ತಿಳಿ. ಆಮ್ಯಾಲ ಹುಸೇನಬಿ ಯಾಕ ಬರತಾಳ? ಅಕಿ ಮನ್ಯಾಗ ಗ್ವಾಡಿ ತುಂಬ ಟಿವಿ ಐತಿ, ಮನಿ ತುಂಬ ಮಂದಿ ಅದಾರ. ಆದ್ರ ಅಕಿನ್ನ, ನೀ ಏನ ನೋಡಿದಿ, ಏನ ಕಂಡಿ ಅಂತ ಕೇಳಾಕಿ ನಾ ಒಬ್ಬಾಕಿನ.”

ಹಣ್ಣಾಗಲಿ, ಚಳಿ ಬೀಳಲಿ ಎಂದು ಅವ್ವ ಹೇಳಿದ್ದನ್ನೆಲ್ಲ ನಾನು ಮೂಢನಂಬಿಕೆ ಎಂದು ತಿಳಿದು, ಶಾಲೆಯಲ್ಲಿ ಉದಾಹರಣೆಯಾಗಿ ಕೂಡ ಹೇಳಿದ್ದೆ. ಅವಳು ಗೆಳತಿಯ ಸಂಜೆ ಉಳಿಸಲು ತನ್ನ ಕಣ್ಣಿನ ಆಪರೇಶನ್ನನ್ನೇ ಮುಂದಕ್ಕೆ ಹಾಕುತ್ತಿದ್ದಳು. ನನಗೆ ಬಹಳ ಕೆಟ್ಟದೆನಿಸಿತು. ಕೆಟ್ಟದೆನಿಸಿದಾಗ ಸುಮ್ಮನಿರುವುದು ಒಳ್ಳೆಯವರ ಲಕ್ಷಣ, ಆದರೆ ಮಾಸ್ತರರಿಗೆ ಅದು ಸಾಧ್ಯವಿಲ್ಲ, ತಿಳಿದದ್ದನ್ನು ಇನ್ನೊಬ್ಬರಿಗೆ ಹೇಳದಿದ್ದರೆ ನಮಗೆ ಅನ್ನ ಇಳಿಯುವುದಿಲ್ಲ. ಮರುದಿನ ಬೆಳಿಗ್ಗೆ ಹುಸೇನಬಿ ಅಂಗಳಕ್ಕೆ ನೀರು ಹೊಡೆಯುತ್ತಿದ್ದಾಗ ಗೋಡೆಯ ಮೇಲಿಂದ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ತಂಬಿಗೆ ಹಿಡಿದು ನಿಂತೇ ಕೇಳಿದಳು. ಆ ಹೊಸಾ ಡಬ್ಬಿ ಬಿಚ್ಚಬಾರದಂತ ನಾನೂ ದಿನಾ ಬೇಡಿಕೊಂಡೀನ್ರಿ ಮಾಸ್ತರ, ಎಂದು ಅಷ್ಟೇ ಹೇಳಿ ಒಳಗೆ ಹೋದಳು. ಆ ಸಂಜೆ ಅವಳು ಬರಲಿಲ್ಲ. ಅವ್ವ ಬರೀ ದನಿ ಕೇಳುತ್ತ ಅರ್ಧ ಗಂಟೆ ಕೂತು, ಆಮೇಲೆ ಬಾಗಿಲ ಕಡೆ ಮುಖ ಮಾಡಿ ಕೂತಳು. ಹೇಳಬಾರದಿತ್ತು ಎಂದು ಗಿರಿಜಾ ನನಗೆ ಕಣ್ಣಲ್ಲೇ ಹೇಳಿದಳು.

ಮರುದಿನ ನಸುಕಿನಲ್ಲಿಯೇ ಬಾಗಿಲು ಬಡಿದ ಸದ್ದು. ನೋಡಿದರೆ ಹುಸೇನಬಿ, ಹೊಸ ಸೀರೆ ಉಟ್ಟು, ಕೈಯಲ್ಲಿ ಬುತ್ತಿಯ ಚೀಲ ಹಿಡಿದು ನಿಂತಿದ್ದಳು. ನಡೀರಿ ಯಕ್ಕಾ, ಗಾಡಿಗೆ ಹೊತ್ತಾತು, ಹುಬ್ಬಳ್ಳಿ ದವಾಖಾನಿಗೆ ಹೋಗೂಣು ಅಂದಳು. ಅವ್ವ ಏನೇನೋ ಹೇಳಿದಳು. ಬ್ಯಾಸಿಗಿಯಾಗ ಯಾರರೆ ಕಣ್ಣ ಮಾಡಿಸ್ತಾರೇನ ಅಂದಳು. ದವಾಖಾನ್ಯಾಗ ಎ.ಸಿ. ಹಾಕಿರತಾರ, ಒಳಗ ಅಗದಿ ಚಳಿಗಾಲ ಇರತೈತಿ ಎಂದು ಹುಸೇನಬಿ ಅವಳ ಚಪ್ಪಲಿ ಮುಂದಿಟ್ಟಳು. ನನಗೆ ವಿಜ್ಞಾನದಿಂದ ಮಾಡಲಾಗದ್ದನ್ನು ಅವಳು ಎ.ಸಿ.ಯಿಂದ ಮಾಡಿದಳು. ರೈಲಿನಲ್ಲಿ ಅವ್ವನನ್ನು ಕಿಟಕಿಗೆ ಕೂರಿಸಿ, ಎರಿ ಹೊಲ ಖಾಲಿ ಬಿದ್ದಾವ ಯಕ್ಕಾ, ಒಂದು ಕೆಂಪು ಸೀರಿಯಾಕಿ ಕುರಿ ಹೊಡಕೊಂಡು ಹೊಂಟಾಳ ಎಂದು ಹುಬ್ಬಳ್ಳಿಯ ತನಕ ಹೇಳುತ್ತಲೇ ಇದ್ದಳು. ಈ ಸಲ ನಾನು ಹೊರಗೆ ನೋಡಿ ತಾಳೆ ಹಾಕಲಿಲ್ಲ.

ಒಂದು ಕಣ್ಣು ಆಯಿತು, ಸ್ವಲ್ಪ ದಿನ ಬಿಟ್ಟು ಇನ್ನೊಂದೂ ಆಯಿತು. ಕಪ್ಪು ಕನ್ನಡಕ ತೆಗೆದ ದಿನ ಅವ್ವ ಮನೆಯೆಲ್ಲ ತಿರುಗಿ, ಜೇಡರ ಬಲೆ ಎಲ್ಲೆಲ್ಲಿವೆ ಎಂದು ಗಿರಿಜಾಳಿಗೆ ತೋರಿಸಿ, ಕೊನೆಗೆ ನನ್ನ ಮುಖ ಹಿಡಿದು, ಏನೋ ತಮ್ಮಾ, ನಾ ನೋಡದಾಗ ಇಷ್ಟ ಮುದಕ ಆಗಿಬಿಟ್ಟೆ ಅಂದಳು. ಅದೇ ಸಂಜೆ ನಾನು ಛತ್ರಿ, ಟವೆಲ್ಲು, ಚೀಲ ಎಲ್ಲ ಇಳಿಸಿ ಬಾಕ್ಸು ಬಿಚ್ಚಿದೆ. ಟಿವಿ ಗೋಡೆ ಹತ್ತಿತು. ಏನು ಚಿತ್ರ ಅಂತೀರಿ, ಮಂದಿಯ ಮೂಗುತಿಯ ಹರಳು ಎಣಿಸಬಹುದು. ಅವ್ವ ಬಂದು ಕೂತು ಸ್ವಲ್ಪ ಹೊತ್ತು ನೋಡಿ, ಮತ್ತೆ ಸ್ವಲ್ಪ ಹೊತ್ತು ನೋಡಿ, ಇವರೆಲ್ಲ ಯಾರೋ ಎಂದು ಕೇಳಿದಳು. ನಿನ್ನ ಧಾರಾವಾಹಿಯವರೇ ಅಂದೆ. ಅವಳು ನಂಬಲಿಲ್ಲ. ಇಂಥಾ ಕಾಡಿಗೆ ಬಳಿದುಕೊಂಡವಳು ತಾನು ಇಷ್ಟು ದಿನ ಮರುಗಿದ ಸೊಸೆಯಲ್ಲವೇ ಅಲ್ಲ ಅಂದಳು. ಆ ಸಂಜೆ ಹುಸೇನಬಿ ಬರಲಿಲ್ಲ. ಅದರ ಮುಂದಿನ ಸಂಜೆಗಳೂ ಬರಲಿಲ್ಲ. ಅವ್ವ ಟಿವಿ ಹಚ್ಚು ಅನ್ನುವುದನ್ನೇ ಬಿಟ್ಟಳು.

ನಾನು ಕರೆಯಲು ಹೋದೆ. ಹುಸೇನಬಿ ತಮ್ಮ ಗೋಡೆ ತುಂಬಿದ ಟಿವಿಗೆ ಬೆನ್ನು ಮಾಡಿ ಅಕ್ಕಿ ಆರಿಸುತ್ತಿದ್ದಳು. ಈಗ ಅವರಿಗೆ ಕಾಣತೈತಲ್ರಿ, ನನ್ನ ಕೆಲಸ ಏನೈತಿ ಅಂದಳು. ಸಿಟ್ಟಿರಲಿಲ್ಲ, ಲೆಕ್ಕ ಮುಗಿದವರ ಹಾಗೆ ಹೇಳಿದಳು. ನಾನು ತಿರುಗಿ ಬಂದು ಅವ್ವನಿಗೆ ಹೇಳಿದೆ. ಅವ್ವ ಎದ್ದಳು. ಗೋಡೆ ಹಿಡಿಯದೆ, ಯಾರ ಕೈಯನ್ನೂ ಕೇಳದೆ, ಎರಡು ಹೊಸ್ತಿಲು ದಾಟಿ ಅವರ ಪಡಸಾಲೆಯಲ್ಲಿ ಹೋಗಿ ನಿಂತಳು. ನಾನು ಹಿಂದೆಯೇ ಓಡಿದೆ.

“ಹುಸೇನಬಿ, ನನಗ ಎಲ್ಲಾ ಕಾಣತೈತಿ. ಆದ್ರ ನೀ ಹೇಳಿದ ಮಂದಿ ಒಬ್ರೂ ಅದರಾಗ ಇಲ್ಲ. ಅವರೆಲ್ಲಿ ಹೋದ್ರು ಹೇಳು, ನಡಿ.”

ಹುಸೇನಬಿ ಅಕ್ಕಿಯ ಮೊರವನ್ನು ಬಾಜು ಇಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಅವ್ವನ ಹಿಂದೆ ಬಂದಳು. ನಾನು ಉತ್ಸಾಹದಿಂದ ಹೊಸ ಟಿವಿ ಹಚ್ಚಿದೆ. ಅದರ ಗದ್ದಲ ಕಡಿಮೆ ಮಾಡು ಅಂದಳು ಅವ್ವ. ಕಡಿಮೆ ಮಾಡಿದೆ. ಸ್ವಲ್ಪ ಹೊತ್ತಿಗೆ ಪೂರಾ ಬಂದ್ ಮಾಡು ಅಂದಳು. ಬಂದ್ ಮಾಡಿದೆ. ಟಿವಿಗೆ ಬೆನ್ನು ಹಾಕಿ, ಹುಸೇನಬಿಯ ಎದುರಿಗೆ ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕೂತು, ಹೂಂ, ಸೊಸಿ ಹಣಿ ಗ್ವಾಡಿಗೆ ಹಚ್ಚಿ ನಿಂತಿದ್ಲು, ಮುಂದ ಹೇಳು ಅಂದಳು. ಇಷ್ಟು ದಿನ ಬರೀ ದನಿ ಕೇಳಿದವಳು ಈಗ ಹುಸೇನಬಿಯ ಮುಖವನ್ನೇ ನೋಡುತ್ತಿದ್ದಳು. ಹುಬ್ಬು ಏರಿದರೆ ಅವ್ವನ ಹುಬ್ಬೂ ಏರುತ್ತಿತ್ತು. ಹೊಸ ಕಣ್ಣುಗಳನ್ನು ಇದಕ್ಕಿಂತ ಚಲೋ ಕೆಲಸಕ್ಕೆ ಹಚ್ಚಿದವರನ್ನು ನಾನು ಕಂಡಿಲ್ಲ.

ಈಗ ಅದೇ ಪದ್ಧತಿ. ಸಂಜೆಯಾದರೆ ಗಿರಿಜಾ ರೊಟ್ಟಿಯ ಹಿಟ್ಟನ್ನು ಪಡಸಾಲೆಗೇ ತಂದು ಕೂಡುತ್ತಾಳೆ. ನನಗೂ ಬಸ್ಸು ಇಳಿದ ಮೇಲೆ ಚಹಾದ ಅಂಗಡಿಯಲ್ಲಿ ಕೂಡಲು ಮನಸ್ಸಾಗುವುದಿಲ್ಲ, ಚೀಲ ಇಟ್ಟವನೇ ಚಾಪೆಯ ಅಂಚಿಗೆ ಸೇರಿಕೊಳ್ಳುತ್ತೇನೆ. ಗೋಡೆಯ ಮೇಲಿನ ಟಿವಿ ಕಪ್ಪಗೆ ನಮ್ಮನ್ನು ನೋಡುತ್ತಿರುತ್ತದೆ, ವಾರಕ್ಕೊಮ್ಮೆ ಗಿರಿಜಾ ಅದರ ಧೂಳು ಒರೆಸುತ್ತಾಳೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಟಿವಿ ಈಗ ತಗೊಳ್ಳಬೇಕೋ, ಕಾಯಬೇಕೋ ಎಂದು ಕೇಳಿದರೆ ನಾನು ಮಾತು ಬೇರೆ ಕಡೆ ತಿರುಗಿಸುತ್ತೇನೆ. ಮೊನ್ನೆ ಹುಸೇನಬಿಯ ಕಥೆಯಲ್ಲಿ ಸೊಸೆ ಕೊನೆಗೂ ಮನಸ್ಸು ಗಟ್ಟಿ ಮಾಡಿ, ಅತ್ತೆ ವರ್ಷಗಟ್ಟಲೆ ಮುಚ್ಚಿಟ್ಟ ಕೋಣೆಯ ಕದಕ್ಕೆ ಕೈ ಹಚ್ಚಿದಳು. ಕದ ಸ್ವಲ್ಪ ಸರಿಯಿತು. ಅಷ್ಟರಲ್ಲಿ ಮಸೀದಿಯಿಂದ ರಾತ್ರಿಯ ಇಶಾ ನಮಾಜಿನ ಬಾಂಗು ಕೇಳಿತು, ಹುಸೇನಬಿ ಎದ್ದು ಸೆರಗು ಸರಿಮಾಡಿಕೊಂಡಳು. ನಾನು ಅವಳಿಗಿಂತ ಮೊದಲು ಎದ್ದು ಬಾಗಿಲಿಗೆ ಅಡ್ಡ ನಿಂತಿದ್ದು ನನಗೇ ಗೊತ್ತಾಗಲಿಲ್ಲ. ಒಳಗೆ ಯಾರಿದ್ದರು ಅನ್ನುವುದಷ್ಟನ್ನಾದರೂ ಹೇಳಿ ಹೋಗ್ರಿ, ನಾಳೆಯ ತನಕ ನನಗೆ ತಡೆಯುವುದಾಗುವುದಿಲ್ಲ ಅಂದೆ.

ಹುಸೇನಬಿ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

“ಅವಸರ ಮಾಡಬ್ಯಾಡ್ರಿ ಮಾಸ್ತರ. ಕದದ ಹಿಂದ ಯಾರದಾರಂತ ನನಗೂ ಇನ್ನಾ ಗೊತ್ತಿಲ್ಲ.”